ಎಡಬಿಡಂಗಿ ಟೈರಿನ ಪರವಾಗಿ

ನಮ್ಮ ವಾದ ಇಷ್ಟೇ. ಬೆಂಗಳೂರಿನಲ್ಲಿ ವಾಸ, ಸಕಲೇಶಪುರದ ಆಚೆ ತೋಟವೋ ಊರೋ ಇರುವವರ ಥಾರ್, ಜಿಮ್ನಿಗಳಿಗೆ ಕಂಪನಿ ಹೇಳಿದ ಅಳತೆಯಲ್ಲೇ, ಡಾಂಬರಿಗೂ ಕೆಸರಿಗೂ ಒಗ್ಗುವ ಒಂದು ಹದವಾದ ಆಲ್-ಟೆರೇನ್ ಟೈರು ಬೇಕು, ಮತ್ತು ಅಷ್ಟೇ ಸಾಕು. ಈ ಸಾಧಾರಣ ಮಾತಿಗೆ ಎರಡು ಕಡೆಯಿಂದ ಏಟು ಬೀಳುತ್ತಿದೆ. ಒಂದು ಪಕ್ಷಕ್ಕೆ ಇದು ದುಂದು, ಇನ್ನೊಂದಕ್ಕೆ ಪುಕ್ಕಲುತನ. ಎರಡೂ ಒಟ್ಟಿಗೆ ನಿಜವಾಗಲಾರವು. ಒಟ್ಟಿಗೆ ಸುಳ್ಳಾಗಲು ಮಾತ್ರ ಅಡ್ಡಿಯಿಲ್ಲ. ಒಂದೊಂದೇ ಆಕ್ಷೇಪವನ್ನು ಎತ್ತಿಕೊಳ್ಳುತ್ತೇವೆ. ತೀರ್ಪು ಓದುಗರದು.

"ಫೋರ್ ವೀಲ್ ಡ್ರೈವ್ ಇರುವಾಗ ಟೈರಿಗೆ ಯಾಕೆ ದುಡ್ಡು ಸುರಿಯಬೇಕು?" ಇದು ಮೊದಲನೆಯದು. ಫೋರ್ ವೀಲ್ ಡ್ರೈವ್ ಎಂಜಿನ್ನಿನ ಬಲವನ್ನು ಎರಡರ ಬದಲು ನಾಲ್ಕು ಚಕ್ರಕ್ಕೆ ಹಂಚುತ್ತದೆ. ಹಿಡಿತವನ್ನು ಅದು ಹುಟ್ಟಿಸುವುದಿಲ್ಲ. ರಬ್ಬರಿಗೂ ನೆಲಕ್ಕೂ ನಡುವೆ ಇರುವ ಹಿಡಿತವನ್ನು ಬಳಸಿಕೊಳ್ಳುತ್ತದೆ, ಅಷ್ಟೆ. ಹಿಡಿತವೇ ಇಲ್ಲದ ಕಡೆ ಎರಡು ಚಕ್ರ ಬರಿದೇ ತಿರುಗುವ ಬದಲು ನಾಲ್ಕೂ ತಿರುಗುತ್ತವೆ. ಜಾರುವ ಚಕ್ರಕ್ಕೆ ಬ್ರೇಕ್ ಹಾಕಿ ಎದುರಿನ ಚಕ್ರಕ್ಕೆ ಬಲ ದಾಟಿಸುವ ಹೊಸ ವ್ಯವಸ್ಥೆಗಳ ಕಥೆಯೂ ಇದೇ: ದಾಟಿ ಬಂದ ಬಲವನ್ನು ನೆಲಕ್ಕೆ ಊರಲು ಆ ಚಕ್ರಕ್ಕಾದರೂ ಹಿಡಿತ ಬೇಕಲ್ಲ! ಮೇಲಾಗಿ ಫೋರ್ ಬೈ ಫೋರ್ ಥಾರ್, ಜಿಮ್ನಿ ಎರಡರಲ್ಲೂ ಇರುವುದು ಬೇಕೆಂದಾಗ ಮಾತ್ರ ಹಾಕಿಕೊಳ್ಳುವ ಪಾರ್ಟ್-ಟೈಮ್ ವ್ಯವಸ್ಥೆ. ಒಣ ಡಾಂಬರಿನ ಮೇಲೆ ಅದನ್ನು ಹಾಕಿಕೊಂಡು ಓಡಿಸುವಂತಿಲ್ಲ. ಅಂದರೆ ಬೆಂಗಳೂರಿನಿಂದ ಸಕಲೇಶಪುರದವರೆಗಿನ ಸುಮಾರು 220 ಕಿ.ಮೀ. ದಾರಿಯಲ್ಲಿ ಈ ವಾದದ ನಾಯಕ ನಿದ್ದೆಯಲ್ಲೇ ಇರುತ್ತಾನೆ. ಟೈರು ಮಾತ್ರ ಎಚ್ಚರವಾಗಿರಬೇಕು.

ಎರಡನೆಯದು ವಂಶಾವಳಿಯ ವಾದ. "ಹೈವೇ ಟೈರೇ ಸಾಕು, ನಮ್ಮ ಅಜ್ಜ ಸಾದಾ ಟೈರಿನ ಜೀಪಿನಲ್ಲೇ ಮಲೆನಾಡಿನ ಮಳೆಗಾಲ ಕಳೆದರು." ಅಜ್ಜನ ಮೇಲೆ ನಮಗೂ ಗೌರವವಿದೆ, ಆದರೆ ಸಾಕ್ಷಿಯನ್ನು ಪೂರ್ತಿ ಹೇಳಬೇಕು. ಹಳೆಯ ಮಹೀಂದ್ರ ಜೀಪುಗಳಿಗಿದ್ದದ್ದು 6.00-16 ಅಳತೆಯ ಟೈರು: ಆರೇ ಇಂಚು ಅಗಲ. ತೋಟದ ಜೀಪುಗಳಿಗೆ ದಪ್ಪ ಬಟನ್ನಿನದನ್ನೇ ಹುಡುಕಿ ಹಾಕಿಸುತ್ತಿದ್ದರು. ಮಳೆ ಜೋರಾದರೆ ಅದರ ಮೇಲೆ ಸರಪಳಿಯನ್ನೂ ಬಿಗಿಯುತ್ತಿದ್ದರು. ಸರಪಳಿ ಬಿಗಿದ ಟೈರನ್ನು ಸಾದಾ ಟೈರಿನ ಸಾಮರ್ಥ್ಯಕ್ಕೆ ಸಾಕ್ಷಿಯಾಗಿ ಕರೆತರುವುದು, ಕೊಡೆ ಹಿಡಿದು ಬಂದವನ ಒಣ ಅಂಗಿ ತೋರಿಸಿ ಮಳೆಯೇ ಬರಲಿಲ್ಲ ಎಂದಂತೆ. ಹೈವೇ ಟೈರಿನ ಕಿರಿದಾದ ಸಂದುಗಳು ನೀರನ್ನು ಹೊರಹಾಕಲು ಮಾಡಿದವು. ಕೆಸರು ನೀರಿನ ಹಾಗೆ ಹರಿದು ಹೋಗುವುದಿಲ್ಲ, ಸಂದಿನಲ್ಲೇ ಮೆತ್ತಿಕೊಳ್ಳುತ್ತದೆ. ಮೆತ್ತಿಕೊಂಡ ಮೇಲೆ ನಿನ್ನೆ ಕೊಂಡ ಟೈರೂ ಬೋಳು ಟೈರೇ. "ಕೆಸರಿರುವುದು ಕೊನೆಯ ಒಂದು ಕಿ.ಮೀ. ಮಾತ್ರ" ಎಂಬ ಸಮಾಧಾನ ಬೇರೆ. ಮನೆ ಇರುವುದು ಆ ಒಂದು ಕಿ.ಮೀ.ನ ಕೊನೆಯಲ್ಲಿ ಎಂಬುದನ್ನು ಮಾತ್ರ ಅವರು ಹೇಳುವುದಿಲ್ಲ.

ಈಗ ಎದುರು ದಿಕ್ಕಿನವರು. "ಕೆಸರೇ ಚಿಂತೆಯಾದರೆ ನೇರವಾಗಿ ಮಡ್ ಟೈರು ಹಾಕಿಸಿ, ಅರ್ಧಂಬರ್ಧ ಯಾಕೆ?" ಮಡ್ ಟೈರಿನ ಬಟನ್ನುಗಳು ದೊಡ್ಡವು, ನಡುವಿನ ಸಂದುಗಳು ಅಗಲ. ರಾಡಿಯಲ್ಲಿ ಅದು ಗೆಲ್ಲುತ್ತದೆ, ಇದರಲ್ಲಿ ತಕರಾರಿಲ್ಲ. ಆದರೆ ಸಂದು ಅಗಲವಾಗಿದೆ ಎಂದರೆ ಡಾಂಬರಿಗೆ ತಾಗುವ ರಬ್ಬರು ಕಡಿಮೆ ಎಂದರ್ಥ. ಬಟನ್ನಿನ ಮೇಲೆ ನೀರಿನ ಪದರವನ್ನು ಕತ್ತರಿಸುವ ಸಣ್ಣ ಸೀಳುಗಳೂ ಕಡಿಮೆ. ಆದ್ದರಿಂದ ಮಳೆಯಲ್ಲಿ ತೊಯ್ದ ಡಾಂಬರಿನ ಮೇಲೆ ಬ್ರೇಕ್ ಒತ್ತಿದರೆ ಗಾಡಿ ನಿಲ್ಲಲು ಹೆಚ್ಚು ದೂರ ಬೇಕು. ಮಲೆನಾಡಿಗೆ ಹೋಗುವವರು ಘಾಟಿ ಹತ್ತಿ ಇಳಿಯುವವರು. ಆಗುಂಬೆ, ಶಿರಾಡಿ, ಚಾರ್ಮಾಡಿಗಳ ಒದ್ದೆ ತಿರುವಿನಲ್ಲಿ ಎದುರಿಗೆ ಬಸ್ಸು ಬಂದಾಗ ಎಣಿಕೆಗೆ ಬರುವುದು ಈ ದೂರವೇ. ರಾಡಿಯಲ್ಲಿ ಸೋತರೆ ಗಾಡಿ ಹೂತುಕೊಳ್ಳುತ್ತದೆ, ಟ್ರ್ಯಾಕ್ಟರ್ ಬಂದು ಎಳೆಯುತ್ತದೆ. ತಿರುವಿನಲ್ಲಿ ಸೋತರೆ ಎಳೆಯುವುದಕ್ಕೆ ಕ್ರೇನ್ ಬರಬೇಕು. ಎರಡು ಸೋಲುಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವವರ ಧೈರ್ಯವನ್ನು ಮೆಚ್ಚಬಹುದು, ಲೆಕ್ಕವನ್ನಲ್ಲ.

ಇದೇ ಪಕ್ಷದ ಉಪವಾದ: "ಮಲೆನಾಡು ಬಿಡಿ, ಗದಗ, ವಿಜಯಪುರದ ಎರೆ ಮಣ್ಣಿಗಾದರೂ ಮಡ್ ಟೈರೇ ಗತಿ." ಎರೆ ಮಣ್ಣು ನೀರು ಕುಡಿದು ಉಬ್ಬುವ, ಅಂಟಿದರೆ ಬಿಡದ ಜಿಗುಟು. ಮಡ್ ಟೈರು ತನ್ನ ಸಂದಿನ ಮಣ್ಣನ್ನು ಎಸೆಯುವುದು ಚಕ್ರ ರಭಸದಿಂದ ತಿರುಗಿದಾಗ. ಹೊಲದ ದಾರಿಯಲ್ಲಿ ನಿಧಾನವಾಗಿ ಸಾಗುವಾಗ ಅದೂ ಮೆತ್ತಿಕೊಂಡು ಉಂಡೆಯಾಗುತ್ತದೆ. ಜೋರು ಮಳೆ ಬಿದ್ದ ಮರುದಿನ ಅಲ್ಲಿನ ರೈತ ಟ್ರ್ಯಾಕ್ಟರನ್ನೇ ಎರೆ ಹೊಲಕ್ಕೆ ಇಳಿಸದೆ ಕಾಯುತ್ತಾನೆ. ಟ್ರ್ಯಾಕ್ಟರಿನ ಚಕ್ರ ಒಲ್ಲೆನ್ನುವ ಕಡೆ ಜಿಮ್ನಿಯ ಮಡ್ ಟೈರು ಒಲ್ಲೆನ್ನುವುದಿಲ್ಲ ಎಂದು ನಂಬುವವರೊಂದಿಗೆ ವಾದ ಬೇಡ. ಒಂದು ಗಟ್ಟಿ ಹಗ್ಗವಿದ್ದರೆ ಸಾಕು.

"ಟೈರು ದೊಡ್ಡದಾದಷ್ಟೂ, ಅಗಲವಾದಷ್ಟೂ ಒಳ್ಳೆಯದು." ಇಲ್ಲಿ ಅಂಕಿಯೇ ಮಾತಾಡಲಿ. ಜಿಮ್ನಿಗೆ ಕಂಪನಿ ಕೊಡುವುದು 195/80 ಆರ್15. ಅಗಲ 195 ಮಿ.ಮೀ., ಪಕ್ಕೆಯ ಎತ್ತರ ಅದರ ಶೇ. 80, ರಿಮ್ಮು 15 ಇಂಚು. ಒಟ್ಟು ವ್ಯಾಸ 693 ಮಿ.ಮೀ. ಹಲವರು ಆಸೆಪಡುವ 235/75 ಆರ್15ರ ವ್ಯಾಸ 733.5 ಮಿ.ಮೀ. ಸುಮಾರು ಶೇ. 5.8 ಹೆಚ್ಚಳ. ಮೀಟರು 80 ತೋರಿಸುವಾಗ ಗಾಡಿಯ ವೇಗ ಮೊದಲಿಗಿಂತ ಅಷ್ಟೇ ಪ್ರಮಾಣದಲ್ಲಿ ಹೆಚ್ಚಿರುತ್ತದೆ. ಪ್ರತಿ ಗೇರಿನಲ್ಲೂ ಚಕ್ರ ನೆಲವನ್ನು ತಳ್ಳುವ ಬಲ ಹೆಚ್ಚುಕಡಿಮೆ ಅಷ್ಟೇ ಕುಗ್ಗುತ್ತದೆ. ಕಡಿದಾದ ಏರಿಗಾಗಿ ದೊಡ್ಡ ಟೈರು ಕೊಂಡವರು ಏರಿಗೆ ಬೇಕಾದ ಬಲವನ್ನೇ ಕಳೆದುಕೊಂಡಿರುತ್ತಾರೆ. ಬದಲಿಗೆ ಸಿಕ್ಕ ಎತ್ತರವೆಷ್ಟು? ವ್ಯಾಸದಲ್ಲಿ ಹೆಚ್ಚಿದ್ದರ ಅರ್ಧ, ಅಂದರೆ ಎರಡು ಸೆಂಟಿಮೀಟರು. ಅಗಲದ ಮಾತೂ ಅರ್ಧಸತ್ಯ. ಅಗಲ ಟೈರು ತೇಲುವುದು ತಳವಿಲ್ಲದ ಹುದುಲಿನಲ್ಲಿ, ಮರಳಿನಲ್ಲಿ. ಮೇಲೆ ನಾಲ್ಕು ಬೆರಳು ರಾಡಿ, ಕೆಳಗೆ ಗಟ್ಟಿ ಜಂಬಿಟ್ಟಿಗೆ ಇರುವ ದಾರಿಯಲ್ಲಿ ರಾಡಿಯನ್ನು ಸೀಳಿ ಕೆಳಗಿನ ನೆಲ ಮುಟ್ಟುವ ಕಿರಿದಾದ ಟೈರೇ ಮೇಲು. ಅಜ್ಜನ ಆರಿಂಚಿನ ಟೈರು ಗೆದ್ದದ್ದಕ್ಕೆ ಇದೂ ಒಂದು ಕಾರಣ. ಅಜ್ಜನನ್ನು ಸಾಕ್ಷಿಗೆ ಕರೆಯುವ ಆಸೆ ಇನ್ನೂ ಇದ್ದರೆ, ಈ ಪ್ಯಾರಾದಲ್ಲಿ ಕರೆಯಬಹುದು.

"ಹತ್ತು ಪ್ಲೈ ಟೈರು ಹಾಕಿಸಿ, ಪಂಚರ್ ಮಾತೇ ಇರದು." ಇಂದಿನ ರೇಡಿಯಲ್ ಟೈರಿನಲ್ಲಿ ಹತ್ತು ಪ್ಲೈ ಎಂಬುದು ಭಾರ ಹೊರುವ ಶಕ್ತಿಯ ದರ್ಜೆ, ಒಳಗೆ ಹತ್ತು ಪದರವಿದೆ ಎಂದಲ್ಲ. ಗಟ್ಟಿ ಪಕ್ಕೆ ಚೂಪುಕಲ್ಲಿಗೆ ಹೆಚ್ಚು ತಾಳುತ್ತದೆ, ನಿಜ. ಆದರೆ ಅದು ಭಾರದ ಪಿಕಪ್ಪುಗಳಿಗಾಗಿ ಮಾಡಿದ ಟೈರು. ಸುಮಾರು 1,200 ಕೆ.ಜಿ. ತೂಕದ ಜಿಮ್ನಿಯ ಕೆಳಗೆ ಅದು ಸರಿಯಾಗಿ ಬಾಗುವುದಿಲ್ಲ. ಬಾಗದ ಟೈರು ಕಲ್ಲನ್ನು ಅಪ್ಪಿ ಹಿಡಿಯುವುದಿಲ್ಲ, ಅದರ ಮೇಲೆ ಪುಟಿಯುತ್ತದೆ. ಇನ್ನು ಪಕ್ಕೆಯ ಮೇಲೆ ಮೂರು ಶಿಖರ, ಒಂದು ಹಿಮಹರಳಿನ ಗುರುತು ತೋರಿಸಿ "ಇದು ಎಲ್ಲ ನೆಲಕ್ಕೂ ಸೈ" ಎನ್ನುವವರಿದ್ದಾರೆ. ಅದು ಹಿಮದ ಮೇಲಿನ ಪರೀಕ್ಷೆಯ ಗುರುತು. ಮೂಡಿಗೆರೆಯಲ್ಲಿ ಹಿಮ ಬಿದ್ದ ದಿನ ಆ ವಾದವನ್ನು ಮತ್ತೆ ಪರಿಶೀಲಿಸೋಣ.

ಉಳಿದದ್ದು ಎರಡೂ ಪಕ್ಷಗಳ ಜಂಟಿ ಅಸ್ತ್ರ: "ಆಲ್-ಟೆರೇನ್ ಎಂದರೆ ಎಡಬಿಡಂಗಿ. ಡಾಂಬರಿನಲ್ಲಿ ಹೈವೇ ಟೈರಿನಷ್ಟಿಲ್ಲ, ಕೆಸರಿನಲ್ಲಿ ಮಡ್ ಟೈರಿನಷ್ಟಿಲ್ಲ." ಎರಡೂ ಮಾತು ಸರಿ. ಆದರೆ ಅದರ ಇನ್ನೊಂದು ಮುಖವನ್ನು ಇಬ್ಬರೂ ಜಾಣತನದಿಂದ ಮುಚ್ಚಿಡುತ್ತಾರೆ: ಅದು ಡಾಂಬರಿನಲ್ಲಿ ಮಡ್ ಟೈರಿಗಿಂತ ಮೇಲು, ಕೆಸರಿನಲ್ಲಿ ಹೈವೇ ಟೈರಿಗಿಂತ ಮೇಲು. ಪ್ರತಿ ಪಕ್ಷವೂ ತಾನು ಗೆಲ್ಲುವ ನೆಲಕ್ಕೆ ಮಾತ್ರ ಪಂದ್ಯ ಕರೆಯುತ್ತದೆ. ಆದರೆ ದಾರಿಯ ಆಯ್ಕೆ ಟೈರಿನ ಕೈಯಲ್ಲಿಲ್ಲ. ಬೆಳಿಗ್ಗೆ ಹೆದ್ದಾರಿ, ಮಧ್ಯಾಹ್ನ ಘಾಟಿ, ಸಂಜೆ ತೋಟದ ರಾಡಿ: ದಾರಿಯೇ ಎಡಬಿಡಂಗಿಯಾಗಿರುವಾಗ ಟೈರು ಮಾತ್ರ ಶುದ್ಧವಂಶದ್ದಾಗಿರಬೇಕು ಎಂಬ ಹಟ ಯಾಕೆ? ಸಣ್ಣ ಸೀಳುಗಳು ಒತ್ತಾಗಿರುವ, ಅಂಚಿನ ಬಟನ್ ಗಟ್ಟಿಯಾಗಿರುವ, ಕಂಪನಿ ಅಳತೆಯ ಆಲ್-ಟೆರೇನ್ ಟೈರನ್ನು ಐದೂ ಒಂದೇ ಬಗೆಯದಾಗಿ ಕೊಳ್ಳಿ. ಸ್ಟೆಪ್ನಿಯ ವ್ಯಾಸ ಬೇರೆಯಾದರೆ ಫೋರ್ ವೀಲ್ ಹಾಕಿದಾಗ ಪೆಟ್ಟು ಬೀಳುವುದು ಗೇರುಗಳಿಗೆ. ರಾಡಿಗೆ ಇಳಿಯುವ ಮುನ್ನ ಸ್ವಲ್ಪ ಗಾಳಿ ಇಳಿಸಿ, ಡಾಂಬರಿಗೆ ಬಂದೊಡನೆ ಮತ್ತೆ ತುಂಬಿ.

ಕೊನೆಗೆ ಎರಡೂ ಪಕ್ಷಗಳಿಗೆ ಒಂದೇ ಪ್ರಶ್ನೆ. ಒಂದೇ ಜತೆ ಟೈರಿನಲ್ಲಿ, ಒಂದೇ ದಿನ, ಎರಡೂ ನೆಲ ದಾಟಬೇಕಾದವನು ಏನು ಹಾಕಿಸಬೇಕು? "ಗಾಡಿಯನ್ನು ಗೇಟಿನ ಬಳಿ ಬಿಟ್ಟು ನಡೆದು ಹೋಗಲಿ" ಎಂದು ಹೈವೇ ಪಕ್ಷ. "ಇನ್ನೊಂದು ಜತೆ ಟೈರು ಶೆಡ್ಡಿನಲ್ಲಿ ಇಟ್ಟುಕೊಳ್ಳಲಿ" ಎಂದು ಮಡ್ ಪಕ್ಷ. ಒಬ್ಬರು ದಾರಿಯನ್ನೇ ಬಿಡಿಸುತ್ತಾರೆ, ಇನ್ನೊಬ್ಬರು ಟೈರನ್ನೇ ಬಿಚ್ಚಿಸುತ್ತಾರೆ. ತಮ್ಮ ಟೈರೊಂದರಿಂದಲೇ ಕೆಲಸ ಆಗದು ಎಂದು ಇಬ್ಬರೂ ತಮ್ಮ ಬಾಯಿಂದಲೇ ಒಪ್ಪಿಕೊಂಡ ಮೇಲೆ ನಾವು ಹೇಳುವುದು ಏನೂ ಉಳಿದಿಲ್ಲ.