ಸ್ಟೆಂಟೋ ಚೀಲವೋ, ಹೇಳಬೇಕಾದವರು ಯಾರು?

ಕ್ಯಾನ್ಸರ್ ಆಸ್ಪತ್ರೆಗಳಲ್ಲಿ ವೈದ್ಯರ ಕೋಣೆಯ ಬಾಗಿಲಲ್ಲಿ ದಿನವೂ ಕೇಳಿಬರುವ ಮಾತೊಂದಿದೆ: "ಡಾಕ್ಟ್ರೇ, ಅಪ್ಪನಿಗೆ ಏನೂ ಹೇಳಬೇಡಿ, ಕೇಳಿದ್ರೆ ಕುಸಿದುಹೋಗ್ತಾರೆ." ಹಾಗೆನ್ನಿಸುವುದು ಪ್ರೀತಿಯೇ. ಆದರೆ ಆ ಪ್ರೀತಿ ರೋಗಿಯಿಂದ ಏನನ್ನು ಕಸಿಯುತ್ತದೆ ಎಂಬುದು, ಕ್ಯಾನ್ಸರ್ ಗೆಡ್ಡೆ ದೊಡ್ಡ ಕರುಳನ್ನು ಮುಚ್ಚಿದ ಹೊತ್ತಿನಲ್ಲಿ ಕಣ್ಣಿಗೆ ರಾಚುತ್ತದೆ.

ದಾರಿ ಮುಚ್ಚಿದರೆ ಮಲವಿರಲಿ, ಗಾಳಿಯೂ ಹೋಗದು. ಹೊಟ್ಟೆ ತಮಟೆಯಂತೆ ಬಿಗಿಯುತ್ತದೆ, ಕುಡಿದ ನೀರೂ ವಾಂತಿಯಾಗುತ್ತದೆ. ಶಸ್ತ್ರಚಿಕಿತ್ಸೆಯಿಂದ ಗುಣವಾಗದಷ್ಟು ರೋಗ ಹರಡಿದ್ದರೆ ಮುಖ್ಯವಾಗಿ ಎರಡು ದಾರಿ. ಒಂದು, ಆಪರೇಷನ್ ಮಾಡಿ ಕರುಳಿನ ತುದಿಯನ್ನು ಹೊಟ್ಟೆಯ ಮೇಲೆ ತಂದು ಮಲ ಸೇರಲು ಚೀಲ ಕಟ್ಟುವುದು. ಇನ್ನೊಂದು, ಸ್ಟೆಂಟ್.

ಸ್ಟೆಂಟ್ ಎಂದರೆ ನಮ್ಮ ಜನಕ್ಕೆ ಹೃದಯವೇ ನೆನಪಾಗುವುದು. ಕರುಳಿಗೂ ಅದು ಬಂದು ಮೂರು ದಶಕ ಕಳೆದಿದೆ. ನಿಕಲ್ ಮತ್ತು ಟೈಟಾನಿಯಂ ಬೆರೆತ ನಿಟಿನಾಲ್ ತಂತಿಯಿಂದ ಹೆಣೆದ ಜಾಲರಿ ಕೊಳವೆ ಅದು. ಗುದದ್ವಾರದಿಂದ ಕೊಲೊನೋಸ್ಕೋಪ್ ಎಂಬ ಕ್ಯಾಮೆರಾ ನಳಿಕೆ ತೂರಿಸಿ, ಎಕ್ಸ್‌ರೇ ಪರದೆ ನೋಡುತ್ತಾ ಗೆಡ್ಡೆಯ ನಡುವಿನ ಸಣ್ಣ ಸಂದಿನಲ್ಲಿ ಮೊದಲು ಒಂದು ತಂತಿ ದಾಟಿಸುತ್ತಾರೆ. ಅದರ ಮೇಲೆ ಜಾರಿಸಿದ ಸ್ಟೆಂಟಿನ ಹೊದಿಕೆಯನ್ನು ಹಿಂದಕ್ಕೆಳೆದರೆ ಜಾಲರಿ ತಾನಾಗಿ ಅರಳುತ್ತಾ ಹೋಗುತ್ತದೆ, ಒಂದೆರಡು ದಿನದಲ್ಲಿ ಎರಡು ಸೆಂಟಿಮೀಟರಿಗೂ ಹೆಚ್ಚು ಅಗಲವಾಗಿ. ಎಷ್ಟೋ ಸಲ ರೋಗಿ ಮೇಜಿನ ಮೇಲಿರುವಾಗಲೇ ತಡೆದಿದ್ದ ಗಾಳಿ, ಮಲ ಹೊರಬಂದು ಹೊಟ್ಟೆ ಸಡಿಲಾಗುತ್ತದೆ. ಹೊಟ್ಟೆ ಕೊಯ್ಯಬೇಕಿಲ್ಲ, ಬೇಗ ಮನೆಗೆ ಹೋಗಬಹುದು, ಕೀಮೋ ಬೇಗ ಶುರುಮಾಡಬಹುದು. ಯುರೋಪಿನ ಎಂಡೋಸ್ಕೋಪಿ ತಜ್ಞರ ಸಂಘದ 2020ರ ಮಾರ್ಗಸೂಚಿ ಇಂಥ ರೋಗಿಗಳಿಗೆ ಸ್ಟೆಂಟನ್ನೇ ಮೊದಲ ಆಯ್ಕೆಯಾಗಿ ಹೇಳುತ್ತದೆ.

ಹಾಗೆಂದು ಅದು ನಿರಪಾಯಕಾರಿಯಲ್ಲ. ಗುಣವಾಗದ ಹಂತದ ರೋಗಿಗಳಲ್ಲಿ ಸ್ಟೆಂಟನ್ನೂ ಶಸ್ತ್ರಚಿಕಿತ್ಸೆಯನ್ನೂ ಹೋಲಿಸಲು ನೆದರ್ಲೆಂಡ್ಸ್‌ನಲ್ಲಿ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನವನ್ನು, ಕರುಳು ತೂತಾದ ಪ್ರಕರಣಗಳು ಹೆಚ್ಚಾದ್ದರಿಂದ ನಡುವೆಯೇ ನಿಲ್ಲಿಸಬೇಕಾಯಿತು. ಬೆವಾಸಿಝುಮ್ಯಾಬ್‌ನಂಥ ಕ್ಯಾನ್ಸರ್ ಔಷಧ ಕೊಡುತ್ತಿದ್ದರೆ ತೂತಾಗುವ ಅಪಾಯ ಇನ್ನಷ್ಟು. ಸ್ಟೆಂಟ್ ಜಾರಬಹುದು, ಜಾಲರಿಯ ಕಣ್ಣುಗಳಲ್ಲಿ ಗೆಡ್ಡೆ ಬೆಳೆದು ದಾರಿ ಮತ್ತೆ ಮುಚ್ಚಬಹುದು. ಗಾಯ ಮಾಗಿದ ಮೇಲೆ ಚೀಲಕ್ಕೆ ಈ ಭಯಗಳಿಲ್ಲ, ಆದರೆ ಅದನ್ನು ದಿನವೂ ಹೊತ್ತು ಬದುಕಬೇಕು.

ಇವೆರಡರಲ್ಲಿ ಯಾವುದು ಮೇಲು ಎಂದು ಸ್ಕ್ಯಾನ್ ಪೂರ್ತಿ ಹೇಳಲಾರದು. ಒಬ್ಬರಿಗೆ ಹೊಟ್ಟೆಯ ಮೇಲಿನ ಚೀಲದೊಂದಿಗೆ ಮೊಮ್ಮಗಳ ಮದುವೆ ಮನೆಗೆ ಹೋಗುವುದು ಸಾಯುವುದಕ್ಕಿಂತ ಕಷ್ಟ. ಇನ್ನೊಬ್ಬರಿಗೆ ಚೀಲ ಪರವಾಗಿಲ್ಲ, ನಡುರಾತ್ರಿ ಕರುಳು ತೂತಾದೀತೆಂಬ ಅಂಜಿಕೆ ಬೇಡ. ಉಳಿದ ದಿನಗಳನ್ನು ಹೇಗೆ ಕಳೆಯಬೇಕೆಂಬ ಈ ತೂಕ ರೋಗಿಯದು. ತನ್ನ ರೋಗವೇ ಗೊತ್ತಿಲ್ಲದವರು ಏನನ್ನು ತೂಗಬೇಕು?

ಕಾನೂನೂ ಈ ಕಡೆಗೇ ಇದೆ. ಅರಿವಳಿಕೆಯಲ್ಲಿದ್ದ ಮಹಿಳೆಯ ಗರ್ಭಕೋಶವನ್ನು ಆಕೆಯ ತಾಯಿಯ ಒಪ್ಪಿಗೆ ಪಡೆದು ತೆಗೆದ ಪ್ರಕರಣದಲ್ಲಿ, ಪ್ರಾಣಾಪಾಯದ ತುರ್ತಿಲ್ಲದಿದ್ದಾಗ ಬುದ್ಧಿ ಸ್ವಾಧೀನದಲ್ಲಿರುವ ವಯಸ್ಕರ ಪರವಾಗಿ ಮನೆಯವರು ಒಪ್ಪಿದರೆ ಸಾಲದು ಎಂದು ಸುಪ್ರೀಂ ಕೋರ್ಟ್ 2008ರ ಜನವರಿಯಲ್ಲಿ ತೀರ್ಪಿತ್ತಿತು. ಆದರೂ ನಮ್ಮಲ್ಲಿ ಸಹಿ ಹಾಕುವವರು ಮಗ, ಅಳಿಯ, ತಮ್ಮ.

ಸತ್ಯ ತಿಳಿದರೆ ಧೈರ್ಯ ಕಳೆದುಕೊಳ್ಳುತ್ತಾರೆ ಎಂಬ ವಾದವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಹೊಟ್ಟೆಯುಬ್ಬಿ ನರಳುವವರಿಗೆ ಏನೋ ಕೆಟ್ಟದ್ದಾಗಿದೆ ಎಂಬುದು ಗೊತ್ತೇ ಇರುತ್ತದೆ. ನಮ್ಮ ಮೌನ ಅವರನ್ನು ಆ ಅರಿವಿನೊಂದಿಗೆ ಒಂಟಿಯಾಗಿ ಬಿಡುತ್ತದೆ. ಎಲ್ಲವನ್ನೂ ಒಂದೇ ಏಟಿಗೆ ಹೇಳಬೇಕೆಂದಲ್ಲ. ಎಷ್ಟು ತಿಳಿಯಬೇಕು ಎಂದು ಮೊದಲು ಕೇಳೋಣ. "ನನಗೆ ಬೇಡ, ಮಗನ ಹತ್ತಿರ ಮಾತಾಡಿ" ಎಂದರೆ ಅದೂ ಅವರದೇ ತೀರ್ಮಾನ.

ಕರುಳು ಪೂರ್ತಿ ಮುಚ್ಚಿದ ಮೇಲೆ ಯೋಚಿಸಲು ಸಿಗುವುದು ಗಂಟೆಗಳು ಮಾತ್ರ. ವಾಂತಿ, ನೋವಿನ ನಡುವೆ ಯಾರೂ ಸಮಾಧಾನದಿಂದ ಆರಿಸಲಾರರು. ಆದ್ದರಿಂದ ಗೆಡ್ಡೆ ಕರುಳನ್ನು ಕಿರಿದು ಮಾಡುತ್ತಿದೆ ಎಂದು ಸ್ಕ್ಯಾನಿನಲ್ಲಿ ಕಂಡಾಗಲೇ ರೋಗಿಯನ್ನು ವೈದ್ಯರ ಕೋಣೆಯೊಳಗೆ ಕರೆದುಕೊಂಡು ಹೋಗಿ, ಪಕ್ಕದಲ್ಲಿ ಕುಳಿತುಕೊಳ್ಳಿ, ವೈದ್ಯರು ಅವರೊಂದಿಗೇ ಮಾತಾಡಲಿ.