ವಿಜ್ಞಾನ ಬೋಧನೆಯಲ್ಲಿ ಪ್ರಯೋಗದ ಸ್ಥಾನ

ಪ್ರೌಢಶಾಲೆಗಳಲ್ಲಿ ವಿಜ್ಞಾನವನ್ನು ಪ್ರಯೋಗಗಳ ಮೂಲಕವೇ ಬೋಧಿಸಬೇಕೆಂಬ ವಿಷಯದಲ್ಲಿ ಭಿನ್ನಾಭಿಪ್ರಾಯವಿರಲಾರದು. ಆದರೆ ಪ್ರಯೋಗವೆಂಬ ಹೆಸರಿನಲ್ಲಿ ಅನೇಕ ಕಡೆ ನಡೆಯುವುದನ್ನು ಕಂಡರೆ ಸಮಾಧಾನವಾಗುವುದಿಲ್ಲ. ಅಧ್ಯಾಪಕರು ಮೇಜಿನ ಮೇಲೆ ಮಾಡಿ ತೋರಿಸುತ್ತಾರೆ. ವಿದ್ಯಾರ್ಥಿಗಳು ದೂರದಿಂದ ನೋಡುತ್ತಾರೆ. ತಾವೇ ಮಾಡುವ ಅವಕಾಶ ದೊರೆತಾಗಲೂ ಬರಬೇಕಾದ ಉತ್ತರ ಮೊದಲೇ ಪುಸ್ತಕದಲ್ಲಿರುತ್ತದೆ. ಕೈಗೆ ಬಂದ ಅಳತೆ ಅದಕ್ಕೆ ಹೊಂದದಿದ್ದರೆ ವಿದ್ಯಾರ್ಥಿಯು ಅಳತೆಯನ್ನೇ ತಿದ್ದಿ ಬರೆಯುತ್ತಾನೆ. ಸತ್ಯಶೋಧನೆಯ ತರಗತಿಯಲ್ಲಿಯೇ ಅಸತ್ಯಕ್ಕೆ ಅಭ್ಯಾಸವಾಗುವುದು ಸಾಮಾನ್ಯ ಸಂಗತಿಯಲ್ಲ.

ಇದರ ಪರಿಹಾರಕ್ಕೆ ಹೆಚ್ಚಿನ ವೆಚ್ಚ ಬೇಕಿಲ್ಲ. ಲೋಲಕದ ಪಾಠವನ್ನೇ ನೋಡಬಹುದು. ದಾರ, ಕಲ್ಲು, ಗೋಡೆಯ ಮೊಳೆ, ಸೆಕೆಂಡಿನ ಮುಳ್ಳುಳ್ಳ ಗಡಿಯಾರ ಇದ್ದರೆ ಸಾಕು. ಮೊಳೆಯಿಂದ ಕಲ್ಲಿನ ಮಧ್ಯದವರೆಗೆ 100 ಸೆಂಟಿಮೀಟರ್ ಇರುವ ಲೋಲಕವನ್ನು ಮೆಲ್ಲಗೆ ತೂಗಿಬಿಟ್ಟರೆ 20 ಆಂದೋಲನಗಳಿಗೆ ಸುಮಾರು 40 ಸೆಕೆಂಡು ಹಿಡಿಯುತ್ತದೆ. ಉದ್ದವನ್ನು 50 ಸೆಂಟಿಮೀಟರಿಗೆ ಇಳಿಸಿದರೆ ಎಷ್ಟಾದೀತೆಂದು ಮೊದಲು ಕೇಳಬೇಕು. 20 ಸೆಕೆಂಡು ಎಂಬ ಉತ್ತರ ಸಹಜ. ಅಳೆದಾಗ ಬರುವುದು ಸುಮಾರು 28! ಎಣಿಕೆ ತಪ್ಪಿತೆ? ದಾರ ಜಾರಿತೆ? ಮತ್ತೆ ಅಳೆಯಬೇಕಾಗುತ್ತದೆ. ಉದ್ದವನ್ನು ಹಾಗೆಯೇ ಇರಿಸಿ ಭಾರವಾದ ಕಲ್ಲು ಕಟ್ಟಿದರೂ ಕಾಲ ಬದಲಾಗದು. ಉದ್ದ 25 ಸೆಂಟಿಮೀಟರಿಗೆ ಇಳಿದಾಗಲೇ 20 ಸೆಕೆಂಡು ಬರುತ್ತದೆ. ಹೀಗೆ ತಾನೇ ಕಂಡುಕೊಂಡವನಿಗೆ ವರ್ಗಮೂಲದ ಸೂತ್ರವನ್ನು ಬಾಯಿಪಾಠ ಮಾಡಿಸಬೇಕಾಗಿಲ್ಲ.

ಪಾಠಪಟ್ಟಿ ಮುಗಿಯುವುದಿಲ್ಲ, ಪರೀಕ್ಷೆ ಎದುರಿಗಿದೆ ಎಂಬ ಅಧ್ಯಾಪಕರ ಅಳಲು ನ್ಯಾಯವಾದುದೇ. ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯಲ್ಲಿ 1972ರಲ್ಲಿ 16 ಮಾಧ್ಯಮಿಕ ಶಾಲೆಗಳಲ್ಲಿ ಆರಂಭವಾದ ವಿಜ್ಞಾನ ಶಿಕ್ಷಣ ಕಾರ್ಯಕ್ರಮವು ಈ ತೊಡಕಿನ ಮೂಲಕ್ಕೇ ಕೈಹಾಕಿತು. ಅಲ್ಲಿ ಹಳ್ಳಿಯ ಮಕ್ಕಳು ಗುಂಪುಗೂಡಿ ಪ್ರಯೋಗ ಮಾಡಿದರು. ಪ್ರಯೋಗದ ಉತ್ತರಗಳು ಪುಸ್ತಕದಲ್ಲಿರಲಿಲ್ಲ. ಪರೀಕ್ಷೆಯಲ್ಲಿ ಪುಸ್ತಕ ತೆರೆದು ನೋಡಬಹುದಾಗಿತ್ತು. ಪ್ರಯೋಗ ಮಾಡಿ ತೋರಿಸುವುದೂ ಪರೀಕ್ಷೆಯ ಭಾಗವಾಗಿತ್ತು. 1978ರಲ್ಲಿ ಇಡೀ ಜಿಲ್ಲೆಗೆ ವಿಸ್ತರಿಸಿದ ಆ ಕಾರ್ಯ 2002ರಲ್ಲಿ ರಾಜ್ಯ ಸರಕಾರದ ನಿರ್ಧಾರದಿಂದ ನಿಂತುಹೋಯಿತು. ಆದರೂ ಬಡತನ ಪ್ರಯೋಗಕ್ಕೆ ಅಡ್ಡಿಯಲ್ಲವೆಂಬುದನ್ನೂ, ಬೋಧನೆಯೊಡನೆ ಪರೀಕ್ಷೆಯೂ ಬದಲಾಗಬೇಕೆಂಬುದನ್ನೂ ಅದು ತೋರಿಸಿಕೊಟ್ಟಿತು.

ಸಾರ್ವಜನಿಕ ಪರೀಕ್ಷೆಯನ್ನು ಬದಲಿಸುವುದು ಒಂದು ಶಾಲೆಯ ಕೈಯಲ್ಲಿಲ್ಲ. ಶಾಲೆಯ ಒಳಗಿನ ಪರೀಕ್ಷೆ ಅದರ ಕೈಯಲ್ಲಿಯೇ ಇದೆ. ಪುಸ್ತಕಕ್ಕೆ ಹೊಂದದ ಅಳತೆಯನ್ನು ಇದ್ದಂತೆಯೇ ಬರೆದು, ವ್ಯತ್ಯಾಸಕ್ಕೆ ಕಾರಣ ಹುಡುಕುವ ವಿದ್ಯಾರ್ಥಿಗೆ ಅಧ್ಯಾಪಕರು ಹೆಚ್ಚು ಅಂಕ ಕೊಡಲಿ. ಗಾಜಿನ ನಳಿಕೆ ಒಡೆದೀತೆಂಬ ಭಯದಿಂದ ಕಪಾಟಿಗೆ ಬೀಗ ಬೀಳುವುದುಂಟು. ಕಟ್ಟಡಕ್ಕೆ ಉದಾರವಾಗಿ ನೆರವಾಗುವ ದಾನಿಗಳು ಒಡೆದ ನಳಿಕೆಗಳನ್ನು ವರ್ಷವರ್ಷವೂ ತುಂಬಿಕೊಡುವ ಸಣ್ಣ ನಿಧಿಯೊಂದನ್ನು ಸ್ಥಾಪಿಸಿದರೆ ಆ ಬೀಗ ತೆರೆದೀತು. ವೈದ್ಯರೂ ಎಂಜಿನಿಯರರೂ ಕೃಷಿಕರೂ ಆಗಿರುವ ಹಳೆಯ ವಿದ್ಯಾರ್ಥಿಗಳು ವರ್ಷಕ್ಕೊಂದು ದಿನವಾದರೂ ಮಕ್ಕಳೊಡನೆ ಕುಳಿತು ಅಳೆಯಲಿ, ತೂಗಲಿ.

ತನ್ನ ಕಣ್ಣು ಕಂಡುದನ್ನು ಅಳುಕಿಲ್ಲದೆ ಬರೆಯಬಲ್ಲ ವಿದ್ಯಾರ್ಥಿಯನ್ನು ರೂಪಿಸಿದ ಶಾಲೆಯು ವಿಜ್ಞಾನವನ್ನೂ ಶೀಲವನ್ನೂ ಒಟ್ಟಿಗೆ ಕಲಿಸಿದಂತಾಗುತ್ತದೆ.