ಎದೆಯ ಗೂಡು: ಬಾಗುವ ಎಲುಬಿನ ಉಪಕಾರ

ಕಾಯೋತ್ಸರ್ಗಕ್ಕೆ ನಿಂತು ಒಂಬತ್ತು ಸಲ ಣಮೋಕಾರ ಮಂತ್ರವನ್ನು ಜಪಿಸುವಾಗ ಮಂತ್ರಕ್ಕೆ ಮೂರರಂತೆ 27 ಉಸಿರಾಗುತ್ತವೆ. ಒಂದೊಂದು ಉಸಿರಿಗೂ ನಮ್ಮ ಎದೆ ಏರಿ ಇಳಿಯುತ್ತದೆ. ಆ ಎದೆಯ ಗೂಡಿನ ರಚನೆಯನ್ನು ಈ ತಿಂಗಳು ತಿಳಿಯೋಣ.

ಹಿಂದೆ ಬೆನ್ನೆಲುಬಿನ 12 ಮಣಿಗಳು, ಎರಡೂ ಬದಿಗೆ 12 ಜೊತೆ ಪಕ್ಕೆಲುಬುಗಳು, ಮುಂದೆ ನಡುವೆ ಎದೆಯೆಲುಬು. ಮೇಲಿನ 7 ಜೊತೆ ಪಕ್ಕೆಲುಬುಗಳು ಮೃದ್ವಸ್ಥಿಯ ಮೂಲಕ ನೇರವಾಗಿ ಎದೆಯೆಲುಬಿಗೆ ಸೇರುತ್ತವೆ. ಮುಂದಿನ 3 ಜೊತೆ ತಮ್ಮ ಮೇಲಿನ ಮೃದ್ವಸ್ಥಿಗೆ ಕೂಡಿಕೊಳ್ಳುತ್ತವೆ. ಕೊನೆಯ 2 ಜೊತೆಯ ಮುಂದಿನ ತುದಿ ಯಾವ ಎಲುಬಿಗೂ ಸೇರುವುದಿಲ್ಲ.

ಎದೆಯೆಲುಬಿಗೆ ಮೂರು ಭಾಗ. ಗಂಟಲ ಕೆಳಗಿನ ಕುಳಿಯಿಂದ ಬೆರಳನ್ನು ಕೆಳಗೆ ಜಾರಿಸಿದರೆ ಸುಮಾರು 5 ಸೆಂ.ಮೀ. ದೂರದಲ್ಲಿ ಅಡ್ಡ ಏಣು ಸಿಗುತ್ತದೆ. ಮೇಲಿನ ತುಂಡು ನಡುವಿನ ಉದ್ದ ತುಂಡಿಗೆ ಕೂಡುವುದು ಅಲ್ಲಿಯೇ. ಎರಡನೆಯ ಪಕ್ಕೆಲುಬು ಸೇರುವುದೂ ಅಲ್ಲಿಯೇ. ವೈದ್ಯರು ಪಕ್ಕೆಲುಬು ಎಣಿಸುವುದು ಅಲ್ಲಿಂದಲೇ. ಕೆಳತುದಿಯಲ್ಲಿ ಚಿಕ್ಕದೊಂದು ಮೊನೆಯಿದೆ. ಇದು ಕೈಗೆ ತಗುಲಿದಾಗ ಗಂಟಾಗಿದೆಯೆಂದು ಹೆದರಿ ವೈದ್ಯರಲ್ಲಿಗೆ ಹೋಗುವವರೂ ಉಂಟು!

ಎಲುಬುಗಳ ಕಟ್ಟನ್ನು ನಮ್ಮ ಶಾಸ್ತ್ರಗಳು ಸಂಹನನವೆಂದು ಕರೆದು ಆರು ವಿಧ ಹೇಳಿವೆ. ತೀರ್ಥಂಕರರದು ವಜ್ರವೃಷಭನಾರಾಚ ಸಂಹನನ. ಪಂಚಮ ಕಾಲದ ನಮ್ಮ ಎಲುಬು ವಜ್ರವಲ್ಲ. ಎದೆ ಒತ್ತಿದರೆ ಬಾಗುತ್ತದೆ. ಆದರೆ ಈ ಬಾಗುವ ಗುಣವೇ ಜೀವ ಉಳಿಸಬಲ್ಲದು.

ಅಂಗಡಿಯಲ್ಲಿ ಕುಳಿತವರು ಒಮ್ಮೆಲೇ ಕುಸಿದರೆನ್ನಿ. ಕರೆದರೆ ಓಗೊಡುವುದಿಲ್ಲ, ಉಸಿರಿಲ್ಲ ಅಥವಾ ಏದುಸಿರು ಮಾತ್ರ. ನೀರು ಕುಡಿಸಲು ಹೋಗಬೇಡಿ. ಒಬ್ಬರು 108 ಅಥವಾ 112ಕ್ಕೆ ಫೋನ್ ಮಾಡಲಿ. ಇನ್ನೊಬ್ಬರು ಅವರನ್ನು ಗಾದಿಯಿಂದ ಇಳಿಸಿ ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಲಿ. ಗಾದಿಯ ಮೇಲೆ ಒತ್ತಿದರೆ ಹತ್ತಿಯೇ ತಗ್ಗುತ್ತದೆ. ಎದೆಯೆಲುಬಿನ ಕೆಳ ಅರ್ಧದ ಮೇಲೆ, ಮೊನೆಯನ್ನು ಬಿಟ್ಟು, ಒಂದು ಅಂಗೈಯ ಬುಡವನ್ನಿಟ್ಟು, ಅದರ ಮೇಲೆ ಇನ್ನೊಂದು ಕೈಯಿಟ್ಟು, ಮೊಳಕೈ ಮಡಿಸದೆ ಒತ್ತಬೇಕು. ದೊಡ್ಡವರಿಗೆ 5ರಿಂದ 6 ಸೆಂ.ಮೀ. ಆಳ, ನಿಮಿಷಕ್ಕೆ 100ರಿಂದ 120 ಸಲ. ಪ್ರತಿ ಸಲವೂ ಎದೆ ಪೂರ್ತಿ ಮೇಲೇಳಲು ಬಿಡಬೇಕು. ಎರಡು ನಿಮಿಷಕ್ಕೊಮ್ಮೆ ಕೈ ಬದಲಾಯಿಸಿ, ವೈದ್ಯ ಸಹಾಯ ಬರುವವರೆಗೆ ನಡೆಸಬೇಕು. ಅಮೆರಿಕದ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಸಂಸ್ಥೆಯ ಮೂವರು 1960ರಲ್ಲಿ ಪ್ರಕಟಿಸಿದ ವಿಧಾನವಿದು. ಎದೆಯೆಲುಬಿಗೂ ಬೆನ್ನೆಲುಬಿಗೂ ನಡುವೆ ಹೃದಯ ಅದುಮಿ ರಕ್ತ ಮಿದುಳಿನತ್ತ ಸಾಗುತ್ತದೆ.

ಇಷ್ಟು ಬಲವಾಗಿ ಒತ್ತಿದರೆ ಪಕ್ಕೆಲುಬು ಮುರಿಯದೇ? ಕೆಲವೊಮ್ಮೆ ಮುರಿಯುತ್ತದೆ. ಆದರೂ ನಿಲ್ಲಿಸಬಾರದು; ಎಲುಬು ಕೂಡಿಕೊಳ್ಳುತ್ತದೆ, ಹೋದ ಪ್ರಾಣ ಬಾರದು. ನೋವಾದೀತು, ಹಿಂಸೆಯಾದೀತು ಎಂದು ನಮ್ಮ ಕೈ ಅಳುಕುವುದು ಸಹಜ. ಆದರೆ ತತ್ತ್ವಾರ್ಥಸೂತ್ರವು ಹಿಂಸೆಯ ಬೇರನ್ನು ಪ್ರಮಾದದಲ್ಲಿ ಕಾಣುತ್ತದೆ. ಪ್ರಾಣ ಉಳಿಸಲು ಎಚ್ಚರದಿಂದ ಒತ್ತುವ ಕೈಯಲ್ಲಿ ಪ್ರಮಾದವೆಲ್ಲಿದೆ? ಕೈಕಟ್ಟಿ ನಿಲ್ಲುವುದರಲ್ಲಿಯೇ ಅದು ಹೆಚ್ಚು.

ಇನ್ನೊಂದು ಮಾತು. ಎದೆನೋವು ಬಂದಾಗ 'ಒತ್ತಿದರೆ ನೋಯುತ್ತದೆ, ಇದು ವಾಯು' ಎಂದು ನಾವೇ ತೀರ್ಮಾನಿಸಿ ಗಲ್ಲೆಯ ಮುಂದೆ ಕೂರುವುದು ಬೇಡ. ಅದನ್ನು ವೈದ್ಯರೇ ಹೇಳಲಿ.

ಆಹಾರ, ಅಭಯ, ಔಷಧ, ಶಾಸ್ತ್ರವೆಂಬ ನಾಲ್ಕು ದಾನಗಳನ್ನು ನಮ್ಮ ಹಿರಿಯರು ನಡೆಸಿಕೊಂಡು ಬಂದಿದ್ದಾರೆ. ಬಸದಿಯ ಸಭಾಭವನಕ್ಕೆ ಒಂದು ದಿನ ವೈದ್ಯರನ್ನು ಕರೆಸಿ, ಹೆಣ್ಣುಮಕ್ಕಳೂ ತರುಣರೂ ಅಂಗಡಿಯ ಆಳುಗಳೂ ಇದನ್ನು ಕೈಯಾರೆ ಕಲಿತರೆ ಅಭಯದಾನಕ್ಕೆ ನಮ್ಮ ಎರಡು ಕೈಗಳೇ ಸಾಕು.